ಟವರ್ ಜೀರೊ: ನೀರಿನಡಿಗೆ ಸುದ್ದಿ ಮುಟ್ಟಿಸುವ ಗೋಪುರ

ಮುರುಡೇಶ್ವರದ ರಾಜಗೋಪುರ ನೋಡಿದ್ದೀರಲ್ಲ? ಅಂಥ ಐದನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆಸ್ಟ್ರೇಲಿಯಾದ ‘ಟವರ್ ಜೀರೊ’ ಒಂದು ಕೈ ಮೇಲೆಯೇ. ಎತ್ತರ 387 ಮೀಟರ್. ಆ ಖಂಡದ ವಾಯವ್ಯ ಮೂಲೆಯ ಎಕ್ಸ್‌ಮತ್ ಊರಿನ ಹತ್ತಿರ ಇದೆ. ಇದರ ಕೆಲಸ, ಮುಳುಗಿರುವ ಸಬ್‌ಮರೀನುಗಳಿಗೆ, ಅಂದರೆ ಜಲಾಂತರ್ಗಾಮಿಗಳಿಗೆ, ಸಂದೇಶ ಕಳಿಸುವುದು.

ಅದಕ್ಕೆ ಇಷ್ಟು ಎತ್ತರ ಯಾಕೆ ಅಂತೀರಾ? ಉಪ್ಪುನೀರು ಮಾಮೂಲಿ ರೇಡಿಯೊ ಅಲೆಯನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. ಅಲೆ ಉದ್ದವಾದಷ್ಟೂ ಆಳಕ್ಕಿಳಿಯುತ್ತದೆ. ಇಲ್ಲಿನ ಫ್ರೀಕ್ವೆನ್ಸಿ, ಅಂದರೆ ಅಲೆಯ ಕಂಪನ, 19.8 ಕಿಲೋಹರ್ಟ್ಸ್. ಒಂದೊಂದು ಅಲೆಯೂ ಸುಮಾರು 15 ಕಿಲೋಮೀಟರ್ ಉದ್ದ! ಆಂಟೆನಾ ಅದರ ಕಾಲುಭಾಗ ಇದ್ದರೆ ಒಳ್ಳೆಯದು. ಹಾಗೆ ನೋಡಿದರೆ ಕಂಬ ನಾಲ್ಕು ಕಿಲೋಮೀಟರಿಗೆ ಹತ್ತಿರ ಇರಬೇಕು. ಆ ಲೆಕ್ಕಕ್ಕೆ ಟವರ್ ಜೀರೊ ಗಿಡ್ಡವೇ. ಮೇಲಕ್ಕೆ ಹೋಗಲಾಗದ್ದನ್ನು ಎಂಜಿನಿಯರುಗಳು ಅಡ್ಡಕ್ಕೆ ಹಬ್ಬಿಸಿದರು. ನಡುವೆ ಜೀರೊ, ಸುತ್ತ 364 ಮೀಟರಿನ ಆರು, ಅದರಾಚೆ 304 ಮೀಟರಿನ ಆರು ಗೋಪುರ. ಹದಿಮೂರರ ತಲೆಗೂ ತಂತಿ ಬಿಗಿದು ಚಪ್ಪರ ಹಾಕಿದರು. ಆ ಚಪ್ಪರವೂ ಆಂಟೆನಾದ ಭಾಗವೇ.

ಇದರಲ್ಲಿ ಮಾತಾಡಬಹುದೇ? ಇಲ್ಲ. ಅಕ್ಷರ ಮಾತ್ರ, ಅದೂ ನಿಧಾನವಾಗಿ. ಸಬ್‌ಮರೀನು ಕೇಳಿಸಿಕೊಳ್ಳಬಹುದು, ಇದೇ ದಾರಿಯಲ್ಲಿ ಉತ್ತರ ಕೊಡಲಾಗದು. ಇಂಥ ಚಪ್ಪರವನ್ನು ಅದು ಹೊತ್ತು ತಿರುಗುವುದೆಲ್ಲಿ?

ಶೀತಲ ಸಮರದ ಬಿಸಿಯಲ್ಲಿ, 1963ರಲ್ಲಿ, ಅಮೆರಿಕ ಮತ್ತು ಆಸ್ಟ್ರೇಲಿಯಾ ಇದಕ್ಕೆ ಕರಾರು ಮಾಡಿಕೊಂಡವು. 1967ರ ಸೆಪ್ಟೆಂಬರಿನಲ್ಲಿ ಕೇಂದ್ರ ಶುರುವಾಯಿತು. ಆ ಡಿಸೆಂಬರಿನಲ್ಲೇ ಪ್ರಧಾನಿ ಹೆರಾಲ್ಡ್ ಹೋಲ್ಟ್ ಸಮುದ್ರದಲ್ಲಿ ಈಜಲು ಇಳಿದವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಮರುವರ್ಷ ಕೇಂದ್ರಕ್ಕೆ ಅವರ ಹೆಸರಿಟ್ಟರು. ನೀರಿನಡಿಗೆ ಸುದ್ದಿ ಕಳಿಸುವ ಜಾಗಕ್ಕೆ ಆ ಹೆಸರು; ಯಾರಿಗೂ ಕಸಿವಿಸಿಯಾಗಲಿಲ್ಲವೇ ಅನ್ನಿಸುತ್ತದೆ ನನಗೆ. 1990ರ ದಶಕದಲ್ಲಿ ಉಸ್ತುವಾರಿ ಆಸ್ಟ್ರೇಲಿಯಾದ ಕೈಗೆ ಬಂತು.

ಖರ್ಚು? ಪ್ರಸಾರದ ಶಕ್ತಿಯೇ ಒಂದು ಮೆಗಾವ್ಯಾಟ್, ಅಂದರೆ ಹತ್ತು ಲಕ್ಷ ವ್ಯಾಟ್. ಆದರೆ ಅಮೆರಿಕ ಕೊಡಬೇಕಿದ್ದ ಬಾಡಿಗೆ ವರ್ಷಕ್ಕೆ ಒಂದು ಕಾಳುಮೆಣಸು! ಮಲೆನಾಡಿನ ಬೆಳೆಗಾರರು ನಗಬಾರದು, ಇದು ಇಂಗ್ಲಿಷ್ ಕಾನೂನಿನ ಹಳೇ ಪದ್ಧತಿ. ಕರಾರು ನಿಲ್ಲಬೇಕಾದರೆ ಏನಾದರೂ ಕೈ ಬದಲಾಗಬೇಕಲ್ಲ. ಉದ್ಘಾಟನೆಯ ದಿನ ಅಮೆರಿಕದ ರಾಯಭಾರಿ ಹೋಲ್ಟ್ ಅವರ ಕೈಗೆ ಆ ಕಾಳನ್ನು ಕೊಟ್ಟೇಬಿಟ್ಟರು.

ನೋಡಬೇಕೆಂದರೆ ಪರ್ತ್‌ನಿಂದ ಉತ್ತರಕ್ಕೆ 1,200 ಕಿಲೋಮೀಟರಿಗೂ ಹೆಚ್ಚು ದಾರಿ. ಒಳಗೆ ಬಿಡುವುದಿಲ್ಲ, ವ್ಲಾಮಿಂಗ್ ಹೆಡ್ ದೀಪಸ್ತಂಭದ ಗುಡ್ಡದಿಂದ ಕಾಣುತ್ತದೆ. ನಮ್ಮ ನೌಕಾಪಡೆಗೂ ಇಂಥದ್ದೊಂದು ಕೇಂದ್ರ 1990ರಿಂದ ಇದೆ, ತಿರುನೆಲ್ವೇಲಿಯ ಹತ್ತಿರ. ಇನ್ನೊಂದಕ್ಕೆ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆ ಆಯಿತು. ಅದು ಕಲಬುರಗಿಯ ಪಕ್ಕದ ವಿಕಾರಾಬಾದ್ ಜಿಲ್ಲೆಯಲ್ಲಿ.