ಬೀಚ್ ಇದೆಯಲ್ಲ, ಪಾರ್ಕ್ ಯಾಕೆ? ಊರೊಳಗಿನ ಹಸಿರು ಜಾಗ ಉಳಿಯೋದು ಜನ ಬಳಸಿದರೆ ಮಾತ್ರ

ಭಟ್ಕಳ/ಹೊನ್ನಾವರ/ಕುಮಟಾ: ಭಾನುವಾರ ಸಂಜೆ ಬಂದರೆ ಭಟ್ಕಳದವರಿಗೆ ಜಾಲಿ ಬೀಚ್, ಹೊನ್ನಾವರದವರಿಗೆ ಕಾಸರಕೋಡು, ಕುಮಟಾದವರಿಗೆ ಹೆಡ್ ಬಂದರು. ಕಾಸರಕೋಡು ಕಡಲತೀರಕ್ಕೆ 2020ರಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಶರಾವತಿ ದಡದಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ನಡಿಗೆ ಹಾದಿಯೂ ಇದೆ. ಇಷ್ಟೆಲ್ಲ ಇರುವಾಗ ಊರೊಳಗೆ ಬೇರೆ ಪಾರ್ಕ್ ಯಾಕೆ ಅನ್ನೋ ಮಾತು ಆಗಾಗ ಕೇಳಿ ಬರುತ್ತದೆ.

ಆದರೆ ಬೀಚ್ ಭಾನುವಾರದ ಜಾಗ. ಸೋಮವಾರ ಬೆಳಿಗ್ಗೆ ಶುಗರ್ ಇರುವ ಅಜ್ಜ ಎಲ್ಲಿ ವಾಕಿಂಗ್ ಮಾಡಬೇಕು? ಶಾಲೆಯಿಂದ ಬಂದ ಮಕ್ಕಳು ಎಲ್ಲಿ ಆಡಬೇಕು? ಹಿಂದೆ ಈ ಪ್ರಶ್ನೆ ಇರಲಿಲ್ಲ. ಮನೆಗೊಂದು ಅಂಗಳ, ಹಿತ್ತಲು, ಪಕ್ಕದಲ್ಲೇ ಗದ್ದೆಬಯಲು ಇತ್ತು. ಈಗ ಗದ್ದೆ ಲೇಔಟ್ ಆಗಿದೆ, ಹಿತ್ತಲಲ್ಲಿ ಇನ್ನೊಂದು ಮನೆ ಎದ್ದಿದೆ.

ಎಷ್ಟು ದೂರ, ಎಷ್ಟು ಜಾಗ?

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗದ ಸಲಹೆಯಂತೆ ಮನೆಯಿಂದ ಸುಮಾರು 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಜಾಗ ಸಿಗಬೇಕು. ಕೇಂದ್ರ ಸರಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಎನ್ನುತ್ತದೆ. 30 ಸಾವಿರ ಜನರ ಊರಿಗೆ ಇದೇ ಲೆಕ್ಕ ಹಾಕಿದರೆ ಕಡಿಮೆಯೆಂದರೂ 30 ಹೆಕ್ಟೇರ್, ಸುಮಾರು 75 ಎಕರೆ ಬೇಕು.

ಇದ್ದ ಜಾಗಕ್ಕೂ ಜನ ಯಾಕೆ ಹೋಗಲ್ಲ?

ಮೊದಲ ಕಾರಣ ರಸ್ತೆ. ರಾಷ್ಟ್ರೀಯ ಹೆದ್ದಾರಿ 66 ಮೂರೂ ಊರುಗಳ ನಡುವೆಯೇ ಹಾದು ಹೋಗುತ್ತದೆ. ಪಾರ್ಕ್ ಹೆದ್ದಾರಿಯ ಆಚೆ ಇದ್ದರೆ ನಕ್ಷೆಯಲ್ಲಿ 300 ಮೀಟರ್, ಆದರೆ ಮೊಮ್ಮಗಳ ಕೈ ಹಿಡಿದು ದಾಟುವ ಅಜ್ಜಿಗೆ ಅದು ಬೇರೆ ಊರೇ.

ಎರಡನೆಯದು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಲ್ಲುಹಾಸಿಗೆ ಪಾಚಿ ಹಿಡಿದು ಕಾಲು ಜಾರುತ್ತದೆ. ಹುಲ್ಲು ಮೊಣಕಾಲು ಮುಟ್ಟಿದರೆ ಹಾವಿನ ಹೆದರಿಕೆ. ಮಳೆಗಾಲ ಮುಗಿದ ಕೂಡಲೇ ಹುಲ್ಲು ಕೊಯ್ಯದಿದ್ದರೆ ಜನರ ರೂಢಿಯೇ ತಪ್ಪಿ ಹೋಗುತ್ತದೆ.

ಮೂರನೆಯದು ಸಮಯ ಮತ್ತು ಬೆಳಕು. ಅಂಗಡಿಯವರಿಗೆ ಬಿಡುವು ಸಿಗೋದು ಬಾಗಿಲು ತೆಗೆಯುವ ಮೊದಲು ಅಥವಾ ಹಾಕಿದ ಮೇಲೆ. ಆ ಹೊತ್ತಿಗೆ ಗೇಟಿಗೆ ಬೀಗ ಇದ್ದರೆ ಅವರ ಪಾಲಿಗೆ ಪಾರ್ಕ್ ಇದ್ದೂ ಇಲ್ಲದ ಹಾಗೆ. ಹೆಂಗಸರು ನೋಡೋದು ದೀಪ ಇದೆಯಾ, ಶೌಚಾಲಯ ಇದೆಯಾ, ಒಳಗೆ ಯಾರು ಕೂತಿದ್ದಾರೆ ಅಂತ. ಸಂಜೆ ಒಂದೇ ಗುಂಪು ಬೆಂಚು ಹಿಡಿದು ಕೂತರೆ ಉಳಿದವರು ಗೇಟಿನಿಂದಲೇ ವಾಪಸ್.

ಅಂಗಡಿಗೂ ಪಾರ್ಕಿಗೂ ಏನು ಸಂಬಂಧ?

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಪಾರ್ಕ್ ತನ್ನಷ್ಟಕ್ಕೆ ಊರನ್ನು ಸುಧಾರಿಸೋದಿಲ್ಲ, ಸುತ್ತಲಿನ ಬೀದಿಯೇ ಪಾರ್ಕಿಗೆ ಜೀವ ಕೊಡುತ್ತದೆ. ಎದುರಿಗೆ ಚಾ ಅಂಗಡಿ, ಕಿರಾಣಿ, ಮೆಡಿಕಲ್ ಇದ್ದು ದಿನದ ಬೇರೆ ಬೇರೆ ಹೊತ್ತಲ್ಲಿ ಜನ ಓಡಾಡುತ್ತಿದ್ದರೆ ಒಳಗೆ ಒಂಟಿಯಾಗಿ ನಡೆಯುವವರಿಗೂ ಧೈರ್ಯ. ಅಂಗಡಿಯವರ ಕಣ್ಣೇ ಕಾವಲು. ಪಾರ್ಕಿಗೆ ಬಂದವರು ಹಾಲು, ಬ್ರೆಡ್ ಅಲ್ಲೇ ತಗೊಂಡು ಹೋಗ್ತಾರೆ, ವ್ಯಾಪಾರವೂ ಆಗುತ್ತದೆ. ಅದೇ ಅಂಗಡಿಯ ಕಸ ಪಾರ್ಕಿನ ಮೂಲೆಗೆ ಬಿದ್ದರೆ ಎರಡೂ ಹಾಳು.

ಬಳಸದಿದ್ದರೆ ಏನಾಗುತ್ತದೆ?

ಖಾಲಿ ಬಿದ್ದ ಜಾಗದಲ್ಲಿ ಮೊದಲು ಕಸ, ಆಮೇಲೆ ಜಲ್ಲಿ-ಮರಳಿನ ರಾಶಿ, ಕೊನೆಗೆ ಯಾವುದೋ ಕಟ್ಟಡ. ‘ಹೇಗೂ ಯಾರೂ ಬಳಸ್ತಾ ಇರ್ಲಿಲ್ಲ’ ಅಂದರೆ ಮುಗೀತು. ಇದನ್ನು ತಡೆಯಲಿಕ್ಕೇ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ಕಾಯ್ದೆ ಇದೆ. ಇದರ ಪ್ರಕಾರ ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು, ಸರಕಾರದ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ.

ಜನ ಪಟ್ಟು ಹಿಡಿದರೆ ಜಾಗ ಉಳಿಯುತ್ತದೆ ಎಂಬುದಕ್ಕೆ ಬೆಂಗಳೂರಲ್ಲೇ ಉದಾಹರಣೆ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆ ತಪ್ಪು ಎಂದಿತು. ಪಾರ್ಕ್ ಉಳಿಸಿಕೊಳ್ಳಲು ಕೋರ್ಟಿಗೆ ಬರುವ ಹಕ್ಕು ನಿವಾಸಿಗಳಿಗಿದೆ ಎಂದೂ ಸ್ಪಷ್ಟಪಡಿಸಿತು.

ನೀವು ಏನು ಮಾಡಬಹುದು?

ಸೈಟ್ ಕೊಳ್ಳುವ ಮೊದಲು ಲೇಔಟಿನ ಅನುಮೋದಿತ ನಕ್ಷೆ ಕೇಳಿ. ಅದರಲ್ಲಿ ಪಾರ್ಕ್ ಎಲ್ಲಿ ತೋರಿಸಿದ್ದಾರೆ, ಆ ಜಾಗ ಸ್ಥಳೀಯ ಸಂಸ್ಥೆಯ ಹೆಸರಿಗೆ ಆಗಿದೆಯಾ ನೋಡಿ. ನಿಮ್ಮ ವಾರ್ಡಿನ ಪಾರ್ಕ್ ಪಟ್ಟಿಯನ್ನು ಪುರಸಭೆ ಅಥವಾ ಪಟ್ಟಣ ಪಂಚಾಯತದಲ್ಲಿ ಮಾಹಿತಿ ಹಕ್ಕಿನಡಿ ಕೇಳಬಹುದು. ದೀಪ, ಹುಲ್ಲು ಕೊಯ್ಲು, ಗೇಟಿನ ಸಮಯದ ಬಗ್ಗೆ ವಾರ್ಡ್ ಸದಸ್ಯರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ.

ಎಲ್ಲಕ್ಕಿಂತ ಸುಲಭದ್ದು ಇನ್ನೊಂದಿದೆ. ದಿನಾ ಸಂಜೆ ಮಕ್ಕಳನ್ನು ಕರಕೊಂಡು ಅಲ್ಲಿಗೆ ಹೋಗಿ. ಜನ ಇರುವ ಜಾಗಕ್ಕೆ ಬೇಲಿ ಹಾಕಲು ಯಾರೇ ಆದರೂ ಎರಡು ಸಲ ಯೋಚಿಸ್ತಾರೆ.