ಮಿಲ್ ಹಿಲ್‌ನಿಂದ ಟೂಟಿಂಗ್‌ವರೆಗೆ, ಒಂದು ಚೀಟಿ ಹಿಡಿದು

ಮಿಲ್ ಹಿಲ್ ಈಸ್ಟ್ ನಿಲ್ದಾಣದಲ್ಲಿ ಇಳಿದು ರಿಡ್ಜ್‌ವೇ ರಸ್ತೆಯ ಏರು ಹತ್ತುವಷ್ಟರಲ್ಲಿ ಅತ್ತಿಗೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಲಂಡನ್ನಿನ ವಾಯವ್ಯ ಅಂಚಿನ ಈ ಗುಡ್ಡದ ಮೇಲೆ ಈಗಿರುವುದು ಹೊಸ ಅಪಾರ್ಟ್‌ಮೆಂಟುಗಳು. 2018ರಲ್ಲಿ ಕೆಡವುವ ತನಕ ಇಲ್ಲಿ ಹಸಿರುಗಟ್ಟಿದ ತಾಮ್ರದ ಚಾವಣಿಯ ದೊಡ್ಡದೊಂದು ಕಟ್ಟಡವಿತ್ತು. ಅದು ಸರ್ಕಾರಿ ದುಡ್ಡಿನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ. 1952ರಲ್ಲಿ ಜಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಥೈರಾಯ್ಡಿನ ಎರಡನೆಯ ಹಾರ್ಮೋನನ್ನು, ಅಂದರೆ ಟಿ3 ಅನ್ನು, ಗುರುತಿಸಿದ್ದು ಇಲ್ಲಿ ಕೆಲಸ ಮಾಡುತ್ತಿದ್ದಾಗ. ಅತ್ತಿಗೆಯ ಕೈಚೀಲದಲ್ಲಿದ್ದ ಡಾಕ್ಟರ ಚೀಟಿಯಲ್ಲಿ ಬರೆದಿದ್ದೂ ಅದೇ: ಲಯೋಥೈರೊನಿನ್, 20 ಮೈಕ್ರೊಗ್ರಾಂ.

ಅತ್ತಿಗೆ ಶಿವಮೊಗ್ಗ ಕಡೆಯವರು, ಈ ಊರಿನಲ್ಲಿ ನೆಲೆಸಿ ವರ್ಷಗಳಾಗಿವೆ. ಥೈರಾಯ್ಡ್ ಕಡಿಮೆಯಾದವರಿಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ವಿನಾಯಿತಿ ಪತ್ರ ಕೊಡುತ್ತದೆ. ಐದು ವರ್ಷ ಅದರ ಅವಧಿ. ಅಷ್ಟು ಕಾಲ ಸರ್ಕಾರಿ ಚೀಟಿಯ ಯಾವ ಮಾತ್ರೆಗೂ ದುಡ್ಡಿಲ್ಲ. ಲೆವೊಥೈರಾಕ್ಸಿನ್, ಅಂದರೆ ಟಿ4, ಅವರಿಗೆ ಹಾಗೆಯೇ ಸಿಗುತ್ತಿತ್ತು. ಒಳಗೆ ಹೋದ ಟಿ4 ಅನ್ನು ದೇಹವೇ ಟಿ3 ಮಾಡಿಕೊಳ್ಳಬೇಕು. ಹೆಚ್ಚಿನವರಿಗೆ ಅಷ್ಟರಲ್ಲೇ ಸರಿಹೋಗುತ್ತದೆ. ಅತ್ತಿಗೆಗೆ ಹಾಗಾಗಲಿಲ್ಲ. ರಕ್ತಪರೀಕ್ಷೆಯ ಅಂಕಿ ಚೆನ್ನಾಗಿದ್ದರೂ ಮೆಟ್ಟಿಲು ಹತ್ತಲಾರರು, ಮಾತಾಡುತ್ತ ಮಾತಾಡುತ್ತ ಪದ ಮರೆತು ನಿಲ್ಲುವರು. ಕೊನೆಗೆ ಖಾಸಗಿ ತಜ್ಞರೊಬ್ಬರು ಹೃದಯವನ್ನೂ ಪರೀಕ್ಷಿಸಿ, ಟಿ4 ಜೊತೆಗೆ ಸ್ವಲ್ಪ ಟಿ3 ಬರೆದರು. ಆ ಚೀಟಿಯ ಖರ್ಚು ಮಾತ್ರ ಪೂರ್ತಿ ಅವರದೇ.

ಮತ್ತೆ ರೈಲು ಹಿಡಿದು ಯೂಸ್ಟನ್‌ನಲ್ಲಿ ಇಳಿದು ಗೋವರ್ ಸ್ಟ್ರೀಟಿಗೆ ನಡೆದೆವು. ಶಿಲುಬೆಯಾಕಾರದ ಕೆಂಪಿಟ್ಟಿಗೆಯ ಹಳೆಯ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಎದುರು ನಿಂತಾಗ ಅತ್ತಿಗೆಗೆ ಚಾರ್ಲ್ಸ್ ಹ್ಯಾರಿಂಗ್ಟನ್ ಕಥೆ ಹೇಳಿದೆ. ಮೊದಲ ಬಾರಿ ಶುದ್ಧ ಥೈರಾಕ್ಸಿನ್, ಅಂದರೆ ಟಿ4, ತೆಗೆದ ಅಮೆರಿಕದ ಎಡ್ವರ್ಡ್ ಕೆಂಡಲ್, 33 ಗ್ರಾಂ ಪಡೆಯಲು ಸುಮಾರು ಮೂರು ಟನ್ ಹಂದಿ ಗ್ರಂಥಿ ಬಳಸಬೇಕಾಯಿತು. ಈ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿದ್ದ ಹ್ಯಾರಿಂಗ್ಟನ್, ಜಾರ್ಜ್ ಬಾರ್ಜರ್ ಜೊತೆ ಸೇರಿ 1927ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಮುಂದೆ ಮಿಲ್ ಹಿಲ್ ಸಂಸ್ಥೆಯ ನಿರ್ದೇಶಕರಾದವರೂ ಇವರೇ. ಇದರಲ್ಲಿ ಹೆಚ್ಚಿನದು ಈ ಒಂದೇ ಊರಿನಲ್ಲಿ ಆದದ್ದು. "ಮತ್ತೆ ಇಲ್ಲೇ ಯಾಕೋ ಇಷ್ಟು ದುಬಾರಿ?" ಅಂದರು ಅತ್ತಿಗೆ.

ಅದಕ್ಕೆ ಉತ್ತರ ಕ್ಯಾನರಿ ವಾರ್ಫಿನಲ್ಲಿದೆ. ಕಾರಂಜಿಯಿರುವ ಕ್ಯಾಬಟ್ ಸ್ಕ್ವೇರಿನ 25ನೇ ನಂಬರಿನ ಕಟ್ಟಡದಲ್ಲಿ ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರದ ಕಚೇರಿ. ಬ್ರ್ಯಾಂಡ್ ಹೆಸರಿನ ಔಷಧಿಗೆ ಇಲ್ಲಿ ಬೆಲೆಯ ಕಡಿವಾಣ ಇತ್ತು. ಬ್ರ್ಯಾಂಡ್ ಇಲ್ಲದೆ ಔಷಧಿಯ ಮೂಲಹೆಸರಿನಲ್ಲಿ ಮಾರಿದರೆ ಪೈಪೋಟಿಯೇ ಬೆಲೆ ಇಳಿಸುತ್ತದೆಂದು ಬಿಟ್ಟಿದ್ದರು. ಲಯೋಥೈರೊನಿನ್‌ಗೆ ಪೈಪೋಟಿಯೇ ಇರಲಿಲ್ಲ. 2007ರಲ್ಲಿ ಅದನ್ನು ಮಾರುವ ಕಂಪನಿ ಬ್ರ್ಯಾಂಡ್ ಹೆಸರು ಕಳಚಿತು, ಕಡಿವಾಣವೂ ಕಳಚಿತು. 2009ರಲ್ಲಿ 20 ಪೌಂಡ್ ಇದ್ದ ಪ್ಯಾಕು 2017ರಲ್ಲಿ 248 ಪೌಂಡ್ ಆಯಿತು. 2006ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಈ ಮಾತ್ರೆಗೆ ಖರ್ಚು ಮಾಡಿದ್ದು 6 ಲಕ್ಷ ಪೌಂಡ್. 2016ರಲ್ಲಿ 3 ಕೋಟಿಗೂ ಹೆಚ್ಚು. ಮಾತ್ರೆ ಅದೇ, ಬದಲಾದದ್ದು ಬಿಲ್ಲು. 2021ರ ಜುಲೈನಲ್ಲಿ ಪ್ರಾಧಿಕಾರ ಈ ಮಾತ್ರೆ ಮಾರುತ್ತಿದ್ದ ಅಡ್ವಾನ್ಜ್ ಕಂಪನಿಗೂ ಅದರ ಹಿಂದಿನ ಮಾಲೀಕರಾದ ಎಚ್‌ಜಿ ಕ್ಯಾಪಿಟಲ್, ಸಿನ್ವೆನ್ ಹೂಡಿಕೆ ಸಂಸ್ಥೆಗಳಿಗೂ ಸೇರಿ 10 ಕೋಟಿ ಪೌಂಡ್ ಮೀರಿದ ದಂಡ ಹಾಕಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಬೆಲೆ ಅತಿಯಾಗಿತ್ತೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. ದಂಡ ಸರಿಯೇ. ಆದರೆ ಆ ವರ್ಷಗಳಲ್ಲಿ ದುಬಾರಿಯೆಂದು ಮಾತ್ರೆ ನಿಂತುಹೋದವರು ಕಳೆದುಕೊಂಡ ದಿನಗಳನ್ನು ಯಾರು ತುಂಬಿಕೊಟ್ಟಾರು? ನನಗೆ ಸಿಟ್ಟು ಬರುವುದು ಅಲ್ಲಿ. ಆಗ ಎಷ್ಟೋ ಜನ ಖಾಸಗಿ ಚೀಟಿ ಹಿಡಿದು ಜರ್ಮನಿಯಿಂದ ಅಗ್ಗದ ಥೈಬಾನ್ ಮಾತ್ರೆ ತರಿಸಿಕೊಂಡರು. 2021ರಿಂದ, ಬ್ರಿಟನ್ ಐರೋಪ್ಯ ಒಕ್ಕೂಟದ ಹೊರಗಾದ ಮೇಲೆ, ಇಲ್ಲಿಯ ಚೀಟಿಯನ್ನು ಅಲ್ಲಿ ಒಪ್ಪಲೇಬೇಕೆಂಬ ನಿಯಮ ಉಳಿಯಲಿಲ್ಲ.

ಸಂಜೆಗೆ ಟೂಟಿಂಗ್ ಬ್ರಾಡ್‌ವೇ. ಕರಿಬೇವು, ಬಾಳೆಹೂವು ಪೇರಿಸಿಟ್ಟ ಅಂಗಡಿ, ದೋಸೆಯ ಹೋಟೆಲು, ಅವುಗಳ ನಡುನಡುವೆ ಔಷಧಿ ಅಂಗಡಿಗಳು. ನಮ್ಮ ಕೆಲಸ ಇದ್ದದ್ದೇ ಇಲ್ಲಿ. "ಬೆಲೆ ಕೇಳಿ ತಗೊಳ್ಳದೆ ಹೊರಗೆ ಬರೋಕೆ ನಾಚಿಕೆ ಕಣೋ" ಎಂದರು ಅತ್ತಿಗೆ. ನಾಚಿಕೆ ಬೇಡ ಎಂದೆ. ಖಾಸಗಿ ಚೀಟಿಗೆ ನಿಗದಿ ದರವೆಂಬುದಿಲ್ಲ. ಅಂಗಡಿಯವರು ಕೊಂಡ ಬೆಲೆಗೆ ತಮ್ಮ ಪಾಲು ಸೇರಿಸಿ ಹೇಳುತ್ತಾರೆ. ಮೊದಲ ಅಂಗಡಿಯಲ್ಲಿ ಸರಕಿರಲಿಲ್ಲ. ಎರಡನೆಯದರಲ್ಲಿ ಹೇಳಿದ ಬೆಲೆ ಕೇಳಿ ಅತ್ತಿಗೆ ಚೀಟಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಮೂರನೆಯ ಅಂಗಡಿಯಲ್ಲಿದ್ದವರು ನಡುವಯಸ್ಸಿನ ತಮಿಳು ಹೆಂಗಸು. ಚೀಟಿ ಓದಿ, ಎರಡು ಸಗಟು ವ್ಯಾಪಾರಿಗಳ ದರ ನೋಡಿ, ಅಗ್ಗದ ತಯಾರಕರ ಪ್ಯಾಕು ಹೇಳಿದರು. ಹಾಗೆ ಹೇಳಲು ಸಾಧ್ಯವಾದದ್ದು ಡಾಕ್ಟರು ಬರೀ ಮೂಲಹೆಸರು ಬರೆದಿದ್ದರಿಂದ. ಬ್ರ್ಯಾಂಡ್ ಬರೆದಿದ್ದರೆ ಅದನ್ನೇ ಕೊಡಬೇಕಿತ್ತು. ಬೆಲೆ ಎರಡನೆಯ ಅಂಗಡಿಗಿಂತ ಸಾಕಷ್ಟು ಕಡಿಮೆ. ಇಪ್ಪತ್ತೆಂಟು ಮಾತ್ರೆಯ ಬದಲು ಮೂರು ತಿಂಗಳಿನದು ಒಟ್ಟಿಗೆ ಬರೆಸಿದರೆ, ಈ ಚೀಟಿಯಲ್ಲಿರುವಂತೆ ಎಷ್ಟು ಬಾರಿ ಕೊಡಬಹುದೆಂದು ನಮೂದಿಸಿದ್ದರೆ, ಪ್ರತಿ ಸಲ ಡಾಕ್ಟರ ಫೀಸು ತೆರಬೇಕಿಲ್ಲ ಎಂದರು. ಮೊದಲ ಸಲದ್ದು ಆರು ತಿಂಗಳೊಳಗೆ ಕೊಂಡರಾಯಿತು. ಚೀಟಿಯಿಲ್ಲದೆ ಆನ್‌ಲೈನಿನಲ್ಲಿ ಮಾರುವವರ ಗೊಡವೆಗೆ ಹೋಗಬೇಡಿ, ಟಿ3 ಹೆಚ್ಚಾದರೆ ಎದೆ ಬಡಿತ ಏರುತ್ತದೆ ಎಂದಾಗ ಅವರ ದನಿ ಗಟ್ಟಿಯಾಗಿತ್ತು. ಲೆವೊಥೈರಾಕ್ಸಿನ್ ನುಂಗಿದ ಮೇಲೆ ಅರ್ಧ ಗಂಟೆಯಾದರೂ ಕಾಫಿ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ.

"ಎದ್ದ ಕೂಡಲೇ ಕಾಫಿ ಇಲ್ದೆ ಅರ್ಧ ಗಂಟೆಯೇ?" ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. ಆಯಮ್ಮ ಅಷ್ಟರಲ್ಲಿ ಚೀಟಿಯ ಮೇಲೆ ಮೊಹರು ಒತ್ತಿ, ದಿನಾಂಕ ಬರೆದು ವಾಪಸು ಕೊಟ್ಟರು. ಇನ್ನೂ ಎರಡು ಬಾರಿಯ ಮಾತ್ರೆ ಅದರಲ್ಲಿ ಬಾಕಿ ಇತ್ತು.