ನಿಮ್ಮ ಎದುರಿಗೆ ಕೂತಿರೋದು ಯಾರು? ಟ್ರೇಡಿಂಗ್‌ನ ‘ಎಡ್ಜ್’ ಎಂಬ ಲೆಕ್ಕ

ಯುಗಾದಿಯ ಮಾರನೇ ದಿನ ನಮ್ಮ ಕಡೆ ಹಳ್ಳಿಗಳಲ್ಲಿ ಮರದ ಕೆಳಗೆ ಅಂದರ್ ಬಾಹರ್ ಶುರುವಾಗುತ್ತೆ. ನೋಡೋಕೆ ಅರ್ಧಕ್ಕರ್ಧ ಅದೃಷ್ಟದ ಆಟ. ಲೆಕ್ಕ ಹಾಕಿದರೆ, ಮೊದಲ ಎಲೆ ಯಾವ ಕಡೆ ಬೀಳುತ್ತೋ ಆ ಕಡೆ ಗೆಲ್ಲುವ ಸಾಧ್ಯತೆ ಸುಮಾರು 51.5%. ಪ್ರತಿ ಸಲ ಆ ಕಡೆಗೇ 100 ರೂಪಾಯಿ ಕಟ್ಟುವವನಿಗೆ ಆಟಕ್ಕೆ ಸರಾಸರಿ 3 ರೂಪಾಯಿ ಉಳಿಯುತ್ತೆ. ಒಂದು ಸಂಜೆ ಅವನು ಬರಿಗೈಲಿ ಎದ್ದು ಹೋಗಬಹುದು. ಹತ್ತು ಸಾವಿರ ಆಟ ಆಡಿದರೆ ಆ 3 ರೂಪಾಯಿಯ ತಾಕತ್ತು ಗೊತ್ತಾಗುತ್ತೆ. ಟ್ರೇಡಿಂಗ್‌ನಲ್ಲಿ ‘ಎಡ್ಜ್’ ಅನ್ನೋದು ಇದನ್ನೇ.

ಈಗ ಅಡ್ಡೆ ನಡೆಸುವವನು ಆಟಕ್ಕೆ 5 ರೂಪಾಯಿ ಕೀಳ್ತಾನೆ ಅಂದ್ಕೊಳ್ಳಿ. ಎಡ್ಜ್ ಅಲ್ಲಿಗೆ ಮುಗೀತು. ಎಲೆಗಳು ಬದಲಾಗಿಲ್ಲ, ಆಡುವವನ ಬುದ್ಧಿಯೂ ಕಮ್ಮಿಯಾಗಿಲ್ಲ. ಆದರೂ ಆಡಿದಷ್ಟೂ ಸೋಲು.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾರುಕಟ್ಟೆಯೂ ಹೀಗೇ. ಇಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ತೆರಿಗೆ ಕಳೆದ ಮೇಲೆ ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ಸೊನ್ನೆಗಿಂತ ಕೆಳಗೆ. ಹಾಗಾಗಿ ‘ನಿಫ್ಟಿ ಮೇಲೆ ಹೋಗುತ್ತಾ?’ ಅನ್ನೋದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ನನಗೆ ದುಡ್ಡು ಕೊಡಲು ಎದುರಿಗೆ ಕೂತಿರುವವರು ಯಾರು, ಯಾಕೆ ಕೊಡ್ತಾರೆ?

‘ಹತ್ತರಲ್ಲಿ ಎಂಟು ಟ್ರೇಡ್ ಗೆಲ್ತೀನಿ’ ಎನ್ನುವುದೂ ಎಡ್ಜ್ ಅಲ್ಲ. ಎಂಟು ಸಲ ತಲಾ 1,000 ಗೆದ್ದು ಎರಡು ಸಲ ತಲಾ 5,000 ಕಳೆದುಕೊಂಡರೆ 2,000 ರೂಪಾಯಿ ನಷ್ಟ. ಆಪ್ಷನ್ ಮಾರುವವರ ಕತೆ ಬಹುತೇಕ ಇದೇ. ನಾನೂ 2021ರಲ್ಲಿ ಮಾರಿದ್ದೆ. ಹನ್ನೊಂದು ವಾರ ಸಣ್ಣ ಸಣ್ಣ ಲಾಭ. ಎಂಜಿನಿಯರಿಂಗ್ ಓದಿದ್ದು ಸಾರ್ಥಕ ಆಯ್ತು ಅಂತ ಎಕ್ಸೆಲ್ ಶೀಟ್‌ಗೆ ಹಸಿರು ಬಣ್ಣ ಬಳಿದಿದ್ದೆ. ಹನ್ನೆರಡನೇ ವಾರ ಅಷ್ಟೂ ಹೋಯ್ತು, ಮೇಲೆ ಒಂದು ತಿಂಗಳ ಸಂಬಳವೂ ಹೋಯ್ತು. ಟೆಲಿಗ್ರಾಂ ಗುಂಪುಗಳಲ್ಲಿ ನೀವು ನೋಡೋ ಸ್ಕ್ರೀನ್‌ಶಾಟ್‌ಗಳು ಆ ಹನ್ನೊಂದು ವಾರಗಳದ್ದು.

ಹಾಗಾದರೆ ಎಡ್ಜ್ ಯಾರ ಹತ್ತಿರ ಇದೆ? 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಬಿಡುಗಡೆ ಮಾಡಿದ ಅಧ್ಯಯನ ನೋಡಿ. 2021-22ರಿಂದ 2023-24ರವರೆಗೆ ಈ ಮಾರುಕಟ್ಟೆಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಟ್ರೇಡರ್‌ಗಳಲ್ಲಿ 93% ಮಂದಿ ದುಡ್ಡು ಕಳೆದುಕೊಂಡರು. ಮೂರು ವರ್ಷದ ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಇವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಘೋಷಿಸಿಕೊಂಡ ವಾರ್ಷಿಕ ಆದಾಯ 5 ಲಕ್ಷದೊಳಗೆ. 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ 31%ರಿಂದ 43%ಕ್ಕೆ ಏರಿತು.

ಅದೇ 2023-24ರಲ್ಲಿ, ವೆಚ್ಚ ಕಳೆಯುವ ಮುಂಚೆ, ಸ್ವಂತ ಬಂಡವಾಳದಲ್ಲಿ ಟ್ರೇಡ್ ಮಾಡುವ ಸಂಸ್ಥೆಗಳ ಲಾಭ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರದ್ದು 28,000 ಕೋಟಿ. ಇದರಲ್ಲಿ 96-97% ಬಂದದ್ದು ಅಲ್ಗಾರಿದಂಗಳಿಂದ. ಎಕ್ಸ್‌ಚೇಂಜ್‌ನ ಕಂಪ್ಯೂಟರ್ ಪಕ್ಕದಲ್ಲೇ ಬಾಡಿಗೆಗೆ ಇಟ್ಟ ಸರ್ವರ್, ದೊಡ್ಡ ಬಂಡವಾಳ, ದಿನವಿಡೀ ಬೆಲೆ ಲೆಕ್ಕ ಹಾಕುವ ಗಣಿತಜ್ಞರು. ನೀವು ಬಸ್ಸಲ್ಲಿ ಕೂತು ಮೊಬೈಲ್‌ನಲ್ಲಿ ಒತ್ತುವ ‘ಬೈ’ ಬಟನ್‌ನ ಆಚೆ ತುದಿಯಲ್ಲಿ ಇವರಿರುತ್ತಾರೆ.

ಎಡ್ಜ್ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತೆ ಅನ್ನೋ ಜಗಳವೂ ಇದೆ. ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆ ಬ್ಯಾಂಕ್ ನಿಫ್ಟಿಯ ಷೇರುಗಳನ್ನು ಬೆಳಗ್ಗೆ ಕೊಂಡು ಸೂಚ್ಯಂಕ ಏರಿಸಿ, ಆಪ್ಷನ್ಸ್‌ನಲ್ಲಿ ಅದಕ್ಕಿಂತ ದೊಡ್ಡದಾಗಿ ಇಳಿಕೆಯ ಮೇಲೆ ಬಾಜಿ ಕಟ್ಟಿ, ಆಮೇಲೆ ಷೇರುಗಳನ್ನು ಮಾರಿತು ಎನ್ನುವುದು ಸೆಬಿಯ ಆರೋಪ. 2025ರ ಜುಲೈನಲ್ಲಿ 4,843 ಕೋಟಿ ರೂಪಾಯಿ ಜಪ್ತಿಗೆ ಮಧ್ಯಂತರ ಆದೇಶ ಹೊರಬಿತ್ತು. ಕಂಪನಿ ಆರೋಪ ಒಪ್ಪಿಲ್ಲ, ಇದು ಮಾಮೂಲಿ ಆರ್ಬಿಟ್ರೇಜ್ ಎಂದು ಮೇಲ್ಮನವಿ ಹೋಯಿತು. ಆದರೆ ಮೋಸ ಪೂರ್ತಿ ನಿಂತರೂ ವೇಗ ಮತ್ತು ಬಂಡವಾಳದ ಅಂತರ ಹಾಗೇ ಇರುತ್ತೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಪ್ಷನ್ಸ್‌ಗೆ ಅಂಥ ಕಾನೂನಿಲ್ಲ. ಅಪಾಯ ವಿನಿಮಯಕ್ಕೆ ಅದು ನಿಜಕ್ಕೂ ಬೇಕಾದ ಸಾಧನ, ಹಾಗಾಗಿ ನಿಷೇಧ ನನ್ನ ಬೇಡಿಕೆಯೂ ಅಲ್ಲ. ಸೆಬಿ ಕಾಂಟ್ರಾಕ್ಟ್ ಗಾತ್ರ ಹೆಚ್ಚಿಸಿತು, ವಾರದ ಎಕ್ಸ್‌ಪೈರಿಗಳನ್ನು ಕಮ್ಮಿ ಮಾಡಿತು. 2024-25ರಲ್ಲಿ ಸೋತವರ ಪ್ರಮಾಣ 91%, ಒಟ್ಟು ನಷ್ಟ 1.05 ಲಕ್ಷ ಕೋಟಿ. ಸರ್ಕಾರದ ವಹಿವಾಟು ತೆರಿಗೆ ಮಾತ್ರ ನೀವು ಗೆದ್ದರೂ ಸೋತರೂ ಕಟ್ ಆಗುತ್ತೆ. ಆಪ್ಷನ್ ಮಾರಾಟದ ಮೇಲೆ 2024ರ ಅಕ್ಟೋಬರ್‌ನಲ್ಲಿ ಅದನ್ನು 0.0625%ರಿಂದ 0.1%ಕ್ಕೆ ಏರಿಸಲಾಯಿತು.